ಎರಡು ಚುಕ್ಕೆ

ಜೆ.ಸಿ. ರೋಡಿನ ಹಿಂದಿನ ಗಲ್ಲಿ. ಸೀಟ್ ಕವರಿನ ಅಂಗಡಿಗೂ
ಸೈಲೆನ್ಸರ್ ಅಂಗಡಿಗೂ ನಡುವೆ ಆರಡಿ ಜಾಗ ನಂದು.
ನಂಬರ್ ಪ್ಲೇಟ್ ಬರೀತೀನಿ. ಬರೀತಿದ್ದೆ ಅನ್ನಬೇಕು.
ಈಗೆಲ್ಲ ಅಚ್ಚೊತ್ತಿದ ಸರ್ಕಾರಿ ತಗಡು.
ನನಗುಳಿದಿದ್ದು ‘ನಾಯಿ ಇದೆ’,
‘ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ’.

ಆಷಾಢದ ಗಾಳಿಯಲ್ಲಿ ಪಾರಿಜಾತ ಮೇಡಂ ಬಂದರು,
ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ತಗಡು,
ತುಕ್ಕು ತಿಂದು ಹಪ್ಪಳ.
ಅಪ್ಪನ ಕಾರಿನದಂತೆ. ಕಾರು ಗುಜರಿಗೆ ಹೋಗಿ ಯಾವ ಕಾಲವೋ,
ಗೋಡೆಗೆ ಹಾಕಲು ಇಂಥದೇ ಇನ್ನೊಂದು ಬೇಕಂತೆ.
ಟಿ. ಓ. ಎನ್. ಓ ನೆತ್ತಿ ಮೇಲೆ ಎರಡು ಚುಕ್ಕೆ.
ಇದೇನು ಮೇಡಂ, ತಲೇಲಿ ಹೇನು? ಅಂದೆ.
ನಕ್ಕು, ಸ್ಟೂಲ್ ಎಳೆದುಕೊಂಡು ಕೂತರು.

ಟ್ಯೋನಿಂಗ್ ಅಂತ ಊರು, ಜರ್ಮನಿಯ ಬಡಗಣ ಕಡಲ ದಂಡೆ.
ಅಪ್ಪ ಅಲ್ಲಿ ಎರಡು ವರ್ಷ ಏರಿ ಕಟ್ಟುವುದು ಕಲಿತರಂತೆ.
ಮೊದಲು ಅದು ಮೂರು ತುಂಡು ನೆಲ, ಮೂರಕ್ಕೂ ಬೇರೆ ಹೆಸರು,
ನನ್ನ ನಾಲಗೆಗೆ ಒಂದೂ ಹತ್ತಲಿಲ್ಲ.
ನಡುವಿನ ಕೆಸರಿಗೆ ಮಣ್ಣು ಹೊತ್ತು ಹೊತ್ತು
ಮೂರನ್ನೂ ಒಂದು ಮಾಡಿದರಂತೆ, ಎಷ್ಟೋ ತಲೆಮಾರು.
ಮೊಹರಿನಲ್ಲಿ ಮಾತ್ರ ಮೂರು ಹಡಗು, ಇವತ್ತಿಗೂ ಬೇರೆ ಬೇರೆ.
ಡೆನ್ಮಾರ್ಕಿನ ದೊರೆ ಹೋದ, ಪ್ರಷ್ಯದ ದೊರೆ ಬಂದ,
ಬಂದವನು ಅದನ್ನು ಜಿಲ್ಲೆ ಅಂದ.
ಐಡರ್‌ಷ್ಟೆಟ್ ಜಿಲ್ಲೆ. ನಮ್ಮ ಆನೇಕಲ್ ತಾಲ್ಲೂಕಿನಷ್ಟೂ ಇಲ್ಲ.

ಅಲ್ಲೊಂದು ಕಟ್ಟಳೆ ಇತ್ತಂತೆ.
ತನ್ನ ಪಾಲಿನ ಏರಿ ರಿಪೇರಿ ಮಾಡಲಾರದವನು
ಅದರ ಮೇಲೆ ಸನಿಕೆ ಚುಚ್ಚಿ, ತಿರುಗಿ ನೋಡದೆ ನಡೆದುಬಿಡಬೇಕು.
ಆ ಸನಿಕೆ ಕಿತ್ತವನಿಗೆ ಅವನ ಹೊಲ, ಅವನ ಮನೆ, ಅವನ ಏರಿ.
ನಾನು ಬ್ರಷ್ಷು ಕೆಳಗಿಟ್ಟೆ.
ಯಾರೂ ಕೀಳದಿದ್ದರೆ?
ಅಪ್ಪ ಅದು ಹೇಳಿಲ್ಲಪ್ಪ, ಅಂದರು.

ಎಪ್ಪತ್ತನೇ ಇಸವಿ, ಏಪ್ರಿಲ್ಲಿನ ಒಂದು ಭಾನುವಾರ
ಜಿಲ್ಲೆ ರದ್ದು.
ಪಕ್ಕದ ಎರಡರ ಜೊತೆ ಸೇರಿಸಿ ಹೊಸ ಹೆಸರಿಟ್ಟರು.
ಹೊಸ ಕಾರಿಗೆ ಈ ಅಕ್ಷರ ಸಿಗಲಿಲ್ಲ ಆಮೇಲೆ.
ಅಪ್ಪ ಬಾಡಿಗೆಗಿದ್ದ ಮನೆಯ ಮುದುಕಿ ಮಾತ್ರ
ಕಾಗದದ ಮೇಲೆ ಸಾಯೋವರೆಗೂ ಹಳೇ ಜಿಲ್ಲೆಯನ್ನೇ ಬರೆದಳು.
ಅಂಚೆಯವನು ಒಮ್ಮೆಯೂ ವಾಪಸ್ ಕಳಿಸಲಿಲ್ಲ.

ನಾನೂ ಹೇಳಿದೆ, ಕೇಳದಿದ್ದರೂ.
ನಮ್ಮ ಮುತ್ತಾತ ಅಬ್ಬಯ್ಯ ಸಂಪಂಗಿ ಕೆರೆ ಕೆಳಗೆ ಸೊಪ್ಪು ಬೆಳೀತಿದ್ದ,
ತೂಬು ಎತ್ತುವ ಸರದಿಯೂ ಅವನದೇ.
ನೀರು ಬತ್ತಿಸಿದರು, ಸ್ಟೇಡಿಯಂ ಎದ್ದಿತು.
ಅವನ ಹರಿವೆ ಮಡಿ ಇದ್ದ ಕಡೆ ಈಗ
ಹುಡುಗಿಯರು ಓಡುತ್ತಾರೆ, ಕೋಚ್ ಕೈಯಲ್ಲಿ ಸೀಟಿ.
ಓಡಲಿ ಬಿಡಿ, ಚೆನ್ನಾಗೇ ಓಡುತ್ತಾರೆ.
ಆದರೂ ಹೆಣ್ಣು ಕೇಳಲು ಹೋದರೆ ನಮ್ಮ ಹಿರೀಕರು
ಮನೆ ನಂಬರು ಕೇಳಲ್ಲ. ಯಾವ ಕೆರೆಯವರು? ಅಂತಾರೆ.
ಸಂಪಂಗಿ, ಅಂತೀವಿ.
ಹಾಗೋ, ಬನ್ನಿ ಕೂತ್ಕೊಳ್ಳಿ, ಅಂತಾರೆ.

ಮುತ್ತಾತನ ಸನಿಕೆ ಮನೆಯಲ್ಲಿದೆ, ಹಿಡಿ ಎರಡು ಸಲ ಬದಲಾಗಿದೆ.
ಬಚ್ಚಲ ಬಾಗಿಲು ಗಾಳಿಗೆ ಬಡಿಯದಂತೆ ಆನಿಸಿಡುತ್ತೀವಿ.
ಅವನು ಅದನ್ನು ಎಲ್ಲಾದರೂ ಚುಚ್ಚಿ ಬಂದನೋ,
ಹೊತ್ತುಕೊಂಡೇ ಮನೆಗೆ ಬಂದನೋ, ಕೇಳಿದವರಿಲ್ಲ.

ಬಿಳಿ ಬಳಿದೆ, ಒಣಗಿಸಿದೆ, ಕರಿಯಲ್ಲಿ ಬರೆದೆ.
ಮೂವತ್ತು ವರ್ಷದಲ್ಲಿ ಓ ಬರೆದಿದ್ದೇ ಕಮ್ಮಿ,
ಸೊನ್ನೆ ಅಂದ್ಕೋತಾರೆ ಅಂತ ಆರ್‌ಟಿಓದವರು ಕೊಡ್ತಿರಲಿಲ್ಲ.
ಚುಕ್ಕೆಗೆ ಬ್ರಷ್ಷು ದಪ್ಪವಾಯಿತು,
ಬೆಂಕಿಕಡ್ಡಿ ಹಿಂದುಮುಂದಾಗಿ ಹಿಡಿದು
ಒಂದು. ಉಸಿರು ಬಿಟ್ಟು, ಇನ್ನೊಂದು.
ಎಡಗಡೆಯದು ಕೊಂಚ ಇಳಿಯಿತು,
ಉಗುರಿನಿಂದ ಒರೆಸಿದೆ. ಗುರುತು ಹೋಗಿಲ್ಲ.

ಎಷ್ಟು? ಅಂದರು.
ಅಂಕಿ ಅಕ್ಷರ ಎಲ್ಲ ಲೆಕ್ಕ ಹಾಕಿ ತಗೊಂಡೆ.
ಚುಕ್ಕೆಗೆ ಬೇಡ ಮೇಡಂ, ಅಂದೆ.
ಒಣಗೋವರೆಗೂ ಕೂತಿರಿ,
ಮೋಡ ಮುಚ್ಚಿದೆ, ಇವತ್ತು ತಡವಾಗುತ್ತೆ.